ಬೀಗಮುದ್ರೆಗೆ ಗಡುವಿಲ್ಲವೇ?

ಗಿರಣಿಯ ಬಾಗಿಲಿಗೆ ಬೀಗ ಬಿತ್ತೆಂದರೆ ಗಿರಣಿ ಮುಚ್ಚಿತೆಂದೇ ನಾವೆಲ್ಲ ತಿಳಿಯುತ್ತೇವೆ. ಕಾಯದೆ ಹಾಗೆ ತಿಳಿಯುವುದಿಲ್ಲ. ಅದರ ಕಣ್ಣಿಗೆ ಬೀಗಮುದ್ರೆ ಬೇರೆ, ಮುಚ್ಚುಗಡೆ ಬೇರೆ. ಇದರಿಂದ ಕಾರ್ಮಿಕನಿಗೆ ಏನಾಗುತ್ತದೆಂಬುದಕ್ಕೆ ವಿಶಾಖಪಟ್ಟಣದ ಹತ್ತಿರದ ಚಿಟ್ಟಿವಲಸವೇ ಸಾಕ್ಷಿ.

ಭೀಮುನಿಪಟ್ಟಣದ ಬಳಿಯ ಈ ಹಳೆಯ ಸೆಣಬಿನ ಗಿರಣಿಗೆ 2009ರಲ್ಲಿ ಬೀಗಮುದ್ರೆಯಾಯಿತು. ವರುಷಗಳು ಉರುಳಿದರೂ ಬಾಗಿಲು ತೆರೆಯಲಿಲ್ಲ. ಶ್ರೀಕಾಕುಳಂ, ವಿಜಯನಗರಂ ಜಿಲ್ಲೆಗಳ ರೈತರು ಗೋಗು ನಾರು ಬೆಳೆಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದವರು ಪುಂಡಿ ಎನ್ನುತ್ತಾರಲ್ಲ, ಆ ಜಾತಿಯದು. ಗಿರಾಕಿಯೂ ಇದ್ದ, ಧಾನ್ಯವನ್ನು ಸೆಣಬಿನ ಚೀಲದಲ್ಲಿ ತುಂಬಬೇಕೆಂದು 1987ರ ಕಾಯದೆಯೇ ಇತ್ತು. ವಿಜಯವಾಡದ ಸುತ್ತಿನ ಕೃಷ್ಣಾ ಬಯಲಿನ ಅಕ್ಕಿಗೆ ಎಷ್ಟು ಚೀಲ ಬೇಕೆಂಬುದನ್ನು ಹೋಟೆಲಿನ ಉಗ್ರಾಣಕ್ಕೆ ಮೂಟೆ ಹೊತ್ತ ಸೋದರರಿಗೆ ನಾವು ಹೇಳಬೇಕಾಗಿಲ್ಲ.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯದೆಯಂತೆ, ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರಖಾನೆಯನ್ನು ಮುಚ್ಚಲು ಮಾಲಿಕ 90 ದಿನ ಮೊದಲೇ ಸರಕಾರದ ಅನುಮತಿ ಬೇಡಬೇಕಿತ್ತು. ಅನುಮತಿ ಸಿಕ್ಕಿದರೆ ಸೇವೆಯ ಪ್ರತಿ ವರುಷಕ್ಕೆ 15 ದಿನಗಳ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕಿತ್ತು. ಬೀಗಮುದ್ರೆಗೆ ಈ ಅನುಮತಿಯೂ ಇಲ್ಲ, ಈ ಪರಿಹಾರವೂ ಇಲ್ಲ. ಕಾಗದದ ಮೇಲೆ ಕಾರ್ಮಿಕ ಇನ್ನೂ ನೌಕರನೇ. ಸಂಬಳ ಮಾತ್ರ ಬರುವುದಿಲ್ಲ. ಬೇರೆ ಊರಿಗೆ ದುಡಿಯಲು ಹೋದರೆ ಇಲ್ಲಿನ ಹಕ್ಕು ತಪ್ಪೀತೆಂಬ ಭಯ ಬೇರೆ. ಮಾಲಿಕನಿಗೆ ಇದಕ್ಕಿಂತ ಅಗ್ಗದ ಉಪಾಯ ಯಾವುದು?

ಕಾರಖಾನೆ ನಿಂತರೂ ಮಾರಲು ಏನಾದರೊಂದು ಉಳಿದೇ ಇರುತ್ತದೆ. ಅಮೆರಿಕದ ಶ್ರೇಡ್ ಚಾಕು ಕಂಪನಿ ಹುಟ್ಟಿದ್ದು 1904ರಲ್ಲಿ. ಸರಿಯಾಗಿ ನೂರು ವರುಷಕ್ಕೆ, 2004ರ ಜುಲೈಯಲ್ಲಿ, ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಅದರ ಕಾರಖಾನೆ ಮುಚ್ಚಿತು. ಹೆಸರನ್ನು ಬೇರೆಯವರು ಕೊಂಡರು; ಆ ಹೆಸರಿನ ಚಾಕುಗಳು ಚೀನದಲ್ಲಿ ತಯಾರಾದವು. ಅಲ್ಲಿ ಹೆಸರು ಮಾರಾಟವಾಯಿತು. 1982ರ ಮುಷ್ಕರದ ಬಳಿಕ ನಮ್ಮ ಮುಂಬಯಿಯಲ್ಲಿ ಬೆಲೆ ಬಂದದ್ದು ಗಿರಣಿಯ ನೆಲಕ್ಕೆ. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಜಾಗದ ಮಾಲನ್ನು ಯಾರು ನೋಡಿಲ್ಲ?

ಅದಕ್ಕಾಗಿಯೇ ನಾವು ಕೇಳುತ್ತೇವೆ: ಬೀಗಮುದ್ರೆಗೆ ಗಡುವು ಬೇಕು. ಆರು ತಿಂಗಳಾದರೂ ಬಾಗಿಲು ತೆರೆಯದಿದ್ದರೆ ಅದನ್ನು ಮುಚ್ಚುಗಡೆಯೆಂದೇ ಎಣಿಸಿ ಪರಿಹಾರ, ಗ್ರಾಚ್ಯುಯಿಟಿ, ಭವಿಷ್ಯನಿಧಿಯ ಬಾಕಿಗಳನ್ನು ವಸೂಲು ಮಾಡಬೇಕು. ಅದು ಸಂದಾಯವಾಗುವ ತನಕ ಗಿರಣಿಯ ಒಂದು ಗೇಣು ಜಾಗವೂ ಪರಭಾರೆಯಾಗಬಾರದು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮುಚ್ಚುಗಡೆಯ ಅನುಮತಿಗಿದ್ದ ಮಿತಿಯನ್ನು 100ರಿಂದ 300 ಕಾರ್ಮಿಕರಿಗೆ ಏರಿಸಿದೆ. ಸಣ್ಣ ಕಾರಖಾನೆಯವರಿಗೆ ಇದ್ದ ಆ ಆಸರೆಯೂ ಹೋಯಿತು. ಸಂಘಗಳು ಈ ಮಾತನ್ನು ಮುಂದಿನ ಸಭೆಗಳಲ್ಲೇ ಎತ್ತಬೇಕು.