ಅಜ್ಜಿಯ ಸ್ವೆಟರ್ ಬಿಚ್ಚಿಸಬೇಡಿ

ನಮ್ಮ ದೆಹಲಿಯ ಕನ್ನಡ ಮನೆಗಳಲ್ಲಿ ಕುಟುಂಬದ ಫೋಟೋ ತೆಗೆಸುವುದೆಂದರೆ ಈಗ ಒಂದು ಸಣ್ಣ ಮದುವೆಯ ಸಂಭ್ರಮ, ಮದುವೆಯಷ್ಟೇ ಮುನಿಸು. ಎಲ್ಲರೂ ಒಂದೇ ಬಣ್ಣ ತೊಡಬೇಕಂತೆ. ಮಗ, ಸೊಸೆ, ಮೊಮ್ಮಕ್ಕಳಿಗೆ ಬಿಳಿ ಅಂಗಿ, ನೀಲಿ ಜೀನ್ಸ್. ಊರಿಂದ ಬಂದ ಅಜ್ಜಿಯ ಇಳಕಲ್ ಸೀರೆ ಮಾತ್ರ ಈ ಲೆಕ್ಕಕ್ಕೆ ಹೊಂದುವುದಿಲ್ಲ. ಸೊಸೆಯ ತಿಳಿನೀಲಿ ಸೀರೆಯೊಂದನ್ನು ಅವರಿಗೆ ಸುತ್ತುತ್ತಾರೆ. ಜನವರಿಯ ಚಳಿಯಲ್ಲಿ ಸ್ವೆಟರ್ ಬಿಚ್ಚಿಸಿ, ಕಾಲುಚೀಲ ತೆಗೆಸಿ, ಮೇಲಿಂದ "ಅಜ್ಜೀ, ಸ್ವಲ್ಪ ನಗ್ರಿ" ಎನ್ನುತ್ತಾರೆ!

ಇದನ್ನು ನಾವು ಒಪ್ಪುವುದಿಲ್ಲ. ಸರಕಾರಿ ಕ್ವಾರ್ಟರ್ಸುಗಳಲ್ಲಿ ಬಾಳುವ, ತಿಂಗಳ ಕೊನೆಯ ವಾರವನ್ನು ಎಣಿಸಿ ಕಳೆಯುವ ನಾವು, ಒಂದು ಫೋಟೋಕ್ಕಾಗಿ ಆರು ಜನರಿಗೆ ಹೊಸ ಬಟ್ಟೆ ಕೊಳ್ಳುವುದು ದುಂದು ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಹಣದ್ದಲ್ಲ. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಓದಲು ಬಾರದು. ಅಜ್ಜ ಬರೆದ ಕಾಗದಗಳು ಅವರ ಪಾಲಿಗೆ ಮುಚ್ಚಿದ ಬಾಗಿಲು. ಅಕ್ಷರದ ಹಂಗಿಲ್ಲದೆ ಅವರು ಓದಬಲ್ಲದ್ದು ಫೋಟೋ ಒಂದೇ. ಅದರಲ್ಲೂ ಸುಳ್ಳು ಬರೆದಿಡಬೇಕೆ?

ನಮ್ಮ ಪೆಟ್ಟಿಗೆಗಳಲ್ಲಿರುವ ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ತೆಗೆದು ನೋಡಿ. ಹಿಂದೆ ಬಹುಕಾಲ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲಂ ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅದನ್ನು ಕೆಂಪು ದೀಪದಡಿಯಲ್ಲೇ ತೊಳೆಯುತ್ತಿದ್ದರು. ಆದ್ದರಿಂದ ಅದರಲ್ಲಿ ಕೆಂಪು ಸೆರಗು ಕಪ್ಪಾಗಿ ಮೂಡುತ್ತಿತ್ತು. ಆದರೂ ಆ ಕಪ್ಪಿನ ಮೇಲಿನ ಬಿಳಿ ತೆನೆಗಳನ್ನು ಕಂಡು ಇಳಕಲ್ ಎಂದು ಗುರುತಿಸುತ್ತೇವೆ. ನೆರಿಗೆ ಹಿಂದಕ್ಕಿದ್ದರೆ ಕೊಡಗು. ತಲೆಯ ಮೇಲೆ ಜರಿಪೇಟವಿದ್ದರೆ ಮೈಸೂರ ಕಡೆ, ಸುತ್ತಿದ ರುಮಾಲಿದ್ದರೆ ಬಡಗಣ ಸೀಮೆ. ಬಣ್ಣವೇ ಇಲ್ಲದ ಕಾಲದ ಚಿತ್ರ ಇಷ್ಟೆಲ್ಲ ಹೇಳುತ್ತದೆ. ಕೋಟಿ ಬಣ್ಣ ಹಿಡಿಯಬಲ್ಲ ಇಂದಿನ ಕ್ಯಾಮೆರಾದ ಮುಂದೆ ನಾವು ಒಂದೇ ಬಣ್ಣವಾಗಿ ನಿಲ್ಲುತ್ತೇವೆ. ಇದೆಂಥ ವಿವೇಕ?

ಹಾಗೆಂದು ಇನ್ನೊಂದು ಪಂಗಡದವರು ಸಂತೋಷಪಡಬೇಕಾಗಿಲ್ಲ. ಬಾಡಿಗೆ ಪೇಟ, ಬಾಡಿಗೆ ಶಲ್ಯ ತೊಟ್ಟು, ಹುಟ್ಟಿದಂದಿನಿಂದ ಪಂಚೆ ಕಾಣದ ಹುಡುಗನಿಗೆ ಕಚ್ಚೆ ಬಿಗಿದು "ನಮ್ಮ ಸಂಸ್ಕೃತಿ" ಎಂದು ಚಿತ್ರ ತೆಗೆಸುವವರೂ ಅದೇ ಸುಳ್ಳಿನ ಮತ್ತೊಂದು ಪ್ರತಿ. ಹೊರನಾಡಿಗರ ನಿಜವಾದ ಉಡುಪು ಯಾವುದು? ಇಳಕಲ್ ಸೀರೆಯ ಮೇಲೆ ಕೈಯಿಂದ ಹೆಣೆದ ಸ್ವೆಟರ್, ಕಾಲುಚೀಲದ ಮೇಲೆ ಚಪ್ಪಲಿ, ಪಂಚೆಯ ಮೇಲೆ ಉಣ್ಣೆಯ ಕೋಟು, ಹೆಗಲಿಗೊಂದು ಮಫ್ಲರ್. ಇಲ್ಲಿ ನಾವು ಬದುಕಿದ ಬಗೆ ಅದು. ಅದರಲ್ಲಿ ಊರೂ ಇದೆ, ದೆಹಲಿಯೂ ಇದೆ. ನಗುವವರು ನಗಲಿ.

ಒಂದೇ ಬಣ್ಣವಿದ್ದರೆ ಚಿತ್ರ ಅಂದ, ಕುಟುಂಬದ ಒಗ್ಗಟ್ಟು ಕಾಣುತ್ತದೆ ಎಂಬ ವಾದವುಂಟು. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಬಣ್ಣ ಎರಡೆಂದು ಅದನ್ನು ಎರಡು ಸೀರೆ ಎಂದವರುಂಟೆ? ಇನ್ನು ಅಂದದ ಮಾತು. ಬೆಳಕು ಓರೆಯಾಗಿ ಮುಖದ ಮೇಲೆ ಬೀಳಲಿ, ಹಿಂದಿನ ಗೋಡೆ ಖಾಲಿಯಿರಲಿ, ಕಪ್ಪು ಕೋಟಿನವರು ಕಪ್ಪು ಪರದೆಯ ಮುಂದೆ ನಿಲ್ಲದಿರಲಿ. ಬಹಳ ಸಣ್ಣ ಚೌಕುಳಿಯ ಅಂಗಿ ಬೇಡ. ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಮೇಲೆ ಇಲ್ಲದ ಅಲೆಗಳು ಮೂಡುವುದುಂಟು. ಇಷ್ಟು ನೋಡಿಕೊಂಡರೆ ಸಾಕು. ಅಂದಕ್ಕಾಗಿ ಯಾರ ಸೀರೆಯನ್ನೂ ಬದಲಿಸಬೇಕಾಗಿಲ್ಲ.

ಹುಡುಗರು ತಮ್ಮತಮ್ಮಲ್ಲಿ ಜೀನ್ಸ್ ತೊಟ್ಟು ನಿಂತರೆ ನಮ್ಮ ತಕರಾರಿಲ್ಲ. ಅದು ಅವರ ನಿಜ. ಹಿರಿಯರದನ್ನು ಅವರಿಗೆ ಬಿಡಿ. "ಏನು ಉಡಬೇಕು?" ಎಂದು ಅಜ್ಜಿ ಕೇಳಿದರೆ, "ನಿಮಗೆ ಬೇಕಾದದ್ದು ಉಡ್ರಿ, ಮೇಲೆ ಬೆಚ್ಚಗೆ ಹಾಕಿಕೊಳ್ರಿ" ಎನ್ನಿ, ನಡುವಿನ ಕುರ್ಚಿಯಲ್ಲಿ ಅವರನ್ನು ಕೂರಿಸಿ. ಫೋಟೋದ ಹಿಂದೆ ಹೆಸರು, ಊರು, ಇಸವಿ ಬರೆದಿಡಿ, ಕನ್ನಡದಲ್ಲೇ. ಅದನ್ನು ಓದಲಿಕ್ಕಾದರೂ ಮೊಮ್ಮಕ್ಕಳು ಅಕ್ಷರ ಕಲಿತಾರು.