ಮುಪ್ಪಿನ ಮಲ್ಲನೂ ವಸ್ತಾದನೂ

‘ರಾಕಿ ಬಾಲ್ಬೋವಾ’ (2006) ಎಂಬ ಅಮೇರಿಕದ ಚಲಚಿತ್ರವನ್ನು ಮಕ್ಕಳ ಮುಂದಿಟ್ಟು, ‘ಮನಸ್ಸಿದ್ದರೆ ಮುಪ್ಪೆಂಬುದೇ ಇಲ್ಲ’ ಎಂದು ಪಾಠ ಹೇಳುವ ಶಿಕ್ಷಕ ಬಂಧುಗಳೊಡನೆ ನನ್ನ ಜಗಳವಿದೆ. 1976ರಲ್ಲಿ ಮೊದಲಾದ ಮಾಲೆಯ ಆರನೆಯ ಚಿತ್ರವಿದು. ಐದನೆಯದರಲ್ಲಿ (1990) ಮಿದುಳಿಗೆ ವಾಸಿಯಾಗದ ಪೆಟ್ಟಾಗಿದೆಯೆಂದು ವೈದ್ಯರು ಹೇಳಿದ ಮೇಲೆ ಈ ಮುಷ್ಟಿಮಲ್ಲನು ಕಣ ಬಿಟ್ಟಿದ್ದನು. ಆರನೆಯದರಲ್ಲಿ ಅದೇ ದೇಹವು ವೈದ್ಯಪರೀಕ್ಷೆಯಲ್ಲಿ ಉತ್ತೀರ್ಣ! ಪರವಾನಗಿ ಕೊಡಲೊಲ್ಲೆನೆಂದ ಮಂಡಲಿಯೂ ಒಂದು ಭಾಷಣಕ್ಕೆ ಕರಗಿಬಿಡುತ್ತದೆ.

‘ಕೊನೆಗೆ ಅವನು ಸೋಲುತ್ತಾನಲ್ಲ’ ಎನ್ನುವಿರಿ. ಹೌದು, ಹತ್ತು ಸುತ್ತು ನಿಂತು, ಕೂದಲೆಳೆಯಷ್ಟರಲ್ಲಿ, ಚಪ್ಪಾಳೆಗಳ ನಡುವೆ ಸೋಲುತ್ತಾನೆ. 1980ರಲ್ಲಿ ಮುಹಮ್ಮದ್ ಅಲಿಯೂ ನಿವೃತ್ತಿ ಮುರಿದು, ತನ್ನ 38ನೆಯ ವಯಸ್ಸಿನಲ್ಲಿ, ಒಮ್ಮೆ ತನ್ನೊಡನೆಯೇ ತಾಲೀಮು ಮಾಡಿದ್ದ ಲ್ಯಾರಿ ಹೋಮ್ಸ್‌ನೆದುರು ಹತ್ತು ಸುತ್ತು ನಿಂತನು, ಬರಿಯ ಪೆಟ್ಟು ತಿನ್ನುತ್ತ. ಹನ್ನೊಂದನೆಯದಕ್ಕೆ ಏಳಗೊಡದೆ ಪಂದ್ಯ ನಿಲ್ಲಿಸಿದವನು ಅವನ ಗುರು ಆಂಜೆಲೊ ಡಂಡಿ. 1994ರಲ್ಲಿ ಜಾರ್ಜ್ ಫೋರ್‌ಮನ್ 45ನೆಯ ವಯಸ್ಸಿನಲ್ಲಿ ಪಟ್ಟ ಗೆದ್ದುದು ನಿಜ. ಆ ಒಬ್ಬನ ಹೆಸರಿನಲ್ಲಿ ಎಷ್ಟು ಜನರನ್ನು ಕಣಕ್ಕೆ ನೂಕೋಣ?

ಮೈಂದರ್ಗಿ, ಅಕ್ಕಲಕೋಟೆಗಳ ಸೀಮೆಯವರಾದ ನಮಗೆ ಗರಡಿಮನೆ ಹೊಸದಲ್ಲ. ಮುಪ್ಪಾದ ಪೈಲವಾನನು ಅಲ್ಲಿ ವಸ್ತಾದನಾಗುತ್ತಾನೆ. ಹುಡುಗರಿಗೆ ಪಟ್ಟು ಕಲಿಸುತ್ತಾನೆ, ಸಾಕೆನ್ನಬೇಕಾದಾಗ ಸಾಕೆನ್ನುತ್ತಾನೆ. ಅದು ಸೋಲೇ? 2015ರ ‘ಕ್ರೀಡ್’ ಚಿತ್ರದಲ್ಲಿ ಅದೇ ರಾಕಿಯು, ಕಣದಲ್ಲಿಯೇ ಸತ್ತ ಗೆಳೆಯನ ಮಗನಿಗೆ ಗುರುವಾಗುತ್ತಾನೆ. ಮಕ್ಕಳಿಗೆ ತೋರಿಸುವುದಿದ್ದರೆ ಅದನ್ನು ತೋರಿಸಿರಿ.