ಕಿರಿಯರ ಚಂದಾ ಹಿರಿಯರ ಪಾಲಿಗಿರಲಿ



ಹೋದ ಸಲ ಉಪ್ಪಿನಕಾಯಿ ಬೂಸಲು ಹಿಡಿಯದಂತೆ ಏನು ಮಾಡಬೇಕೆಂದು ಬರೆದಿದ್ದೆ. ಈ ಸಲ ನಿಮ್ಮನ್ನು ಅಡಿಗೆಮನೆಯಿಂದ ಸ್ವಲ್ಪ ಹೊರಗೆ, ಆಟದ ಅಂಗಳಕ್ಕೆ ಕರೆದೊಯ್ಯುತ್ತೇನೆ. ಬೇಸರಿಸಬೇಡಿ, ಕೊನೆಗೆ ಪಾನಕ ಕೊಟ್ಟೇ ಕಳಿಸುತ್ತೇನೆ. ಹಾಂ, ಈ ಸಲದ ಬುದ್ಧಿಮಾತು ಮೊದಲು ನನಗೆ, ಆಮೇಲೆ ನಿಮಗೆ. ಏಕೆಂದರೆ ತಪ್ಪು ಮಾಡಿದವಳು ನಾನೇ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹೆಂಗಸರದೊಂದು ಷಟಲ್ ಬಳಗವಿದೆ. ನಡುವಯಸ್ಸಿನವರು ನಾವು ಹನ್ನೆರಡು ಜನ, ಜೊತೆಗೆ ಹೈಸ್ಕೂಲು, ಪಿಯುಸಿ ಓದುವ ಆರು ಹುಡುಗಿಯರು. ಸಂಜೆ ಸಮುದಾಯ ಭವನದಲ್ಲಿ ಆಟ. ತಿಂಗಳಿಗೊಂದು ಭಾನುವಾರ ಬೇರೆ ಬಳಗದವರೊಡನೆ ಸ್ನೇಹಪಂದ್ಯ. ಒಮ್ಮೆ ಅವರು ಇಲ್ಲಿಗೆ ಬಂದರೆ, ಇನ್ನೊಮ್ಮೆ ನಾವು ಮಂಡ್ಯಕ್ಕೆ. ಕಪ್ಪಿಲ್ಲ, ಬಹುಮಾನವಿಲ್ಲ. ಸೋತವರಿಗೂ ಗೆದ್ದವರಿಗೂ ಒಂದೇ ಉಪ್ಪಿಟ್ಟು. ನಾನಂತೂ ಆಡುವುದಕ್ಕಿಂತ ಕಾಕ್ ಹೆಕ್ಕುವುದೇ ಹೆಚ್ಚು. ಅದಕ್ಕೇ ಇರಬೇಕು, ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟಿದ್ದಾರೆ.

ನನ್ನ ಲೆಕ್ಕ ಬಲು ಸರಳವಾಗಿತ್ತು. ಒಟ್ಟು ಖರ್ಚನ್ನು ತಲೆಗೆ ಸಮನಾಗಿ ಹಂಚುವುದು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂದುಕೊಂಡಿದ್ದೆ. ಒಮ್ಮೆ ಮೂವರ ಹಣ ಬರಲಿಲ್ಲ. ನಾನು ‘ಬಾಕಿ ಇರುವವರು’ ಅಂತ ಒಂದು ಪಟ್ಟಿ ಬರೆದು ಬಳಗದ ವಾಟ್ಸಾಪಿನಲ್ಲಿ ಹಾಕಿಬಿಟ್ಟೆ. ಇಬ್ಬರು ಅರ್ಧ ಗಂಟೆಯಲ್ಲಿ, “ಅಯ್ಯೋ, ಮರೆತೇಬಿಟ್ಟಿದ್ದೆ” ಅಂತ ಕಳಿಸಿದರು. ಮೂರನೆಯ ಹೆಸರು ಒಬ್ಬ ಹುಡುಗಿಯದು. ಒಂಬತ್ತನೆಯ ತರಗತಿ. ಆರು ಹುಡುಗಿಯರಲ್ಲಿ ಆಟ ಬಲ್ಲವಳು ಅಂದರೆ ಅವಳೇ. ಮಾರನೆಯ ದಿನದಿಂದ ಅವಳು ಬರಲಿಲ್ಲ.

ದಾರಿಯಲ್ಲಿ ಸಿಕ್ಕಾಗ ಕೇಳಿದೆ. “ಪರೀಕ್ಷೆ ಹತ್ರ ಬಂತಲ್ಲಾ ಆಂಟಿ” ಅಂದಳು. ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು! ಸೋದರಿಯರೇ, ಮಕ್ಕಳು ಹೇಳುವ ಕಾರಣ ನಿಜವೋ ಅಲ್ಲವೋ ಅಂತ ತಾಯಂದಿರಿಗೆ ತಿಳಿಯದೆ ಇರುತ್ತದೆಯೇ? ಆದರೂ ನಾನು ಸುಮ್ಮನಿದ್ದೆ. ರವಿಕೆ ಹೊಲಿಸಲು ಅವಳ ತಾಯಿಯ ಬಳಿ ಹೋದಾಗಲೇ ವಿಷಯ ಗೊತ್ತಾದದ್ದು. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಯಜಮಾನರ ಆಟೋ ಎರಡು ತಿಂಗಳಿಂದ ರಿಪೇರಿಗೆ ನಿಂತಿತ್ತು. ಟೇಪು ಹಿಡಿದು ನನ್ನ ಅಳತೆ ತೆಗೆಯುತ್ತಲೇ ಹೇಳಿದರು: “ಅಕ್ಕಾ, ದುಡ್ಡಿಲ್ಲ ಅನ್ನೋದು ನಮಗೇನೂ ಹೊಸದಲ್ಲ. ಎಲ್ಲರ ಮುಂದೆ ಹೆಸರು ಬಂತಲ್ಲ, ಮಗು ಆವತ್ತು ಊಟ ಮಾಡಲಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಮನಾಗಿ ಹಂಚಿದ್ದೇನೋ ನಿಜ. ಆದರೆ ದುಡಿಯುವ ನನ್ನ ಮುನ್ನೂರು ರೂಪಾಯಿಗೂ ಓದುವ ಹುಡುಗಿಯ ಮುನ್ನೂರು ರೂಪಾಯಿಗೂ ಒಂದೇ ತೂಕವೇ?

ಈ ಆಟಕ್ಕೆ ಅಷ್ಟೊಂದು ಖರ್ಚೇನು ಅಂತ ನೀವು ಕೇಳಬಹುದು. ಬ್ಯಾಟು ಒಮ್ಮೆ ಕೊಂಡರಾಯಿತು, ಕಾಕ್ ಹಾಗಲ್ಲ. ಒಂದು ಕಾಕಿಗೆ ಬಾತು ಇಲ್ಲವೇ ಹೆಬ್ಬಾತಿನ 16 ಗರಿ. ತೂಕ 5 ಗ್ರಾಮಿನ ಆಸುಪಾಸು. ಹೊಡೆದ ಹೊಡೆತಕ್ಕೆ ಒಂದು ಗರಿ ಮುರಿದರೂ ಸಾಕು, ಗಾಳಿಯಲ್ಲಿ ಓಲಾಡಿ ಎಲ್ಲೋ ಬೀಳುತ್ತದೆ. ಬಿರುಸಿನ ಪಂದ್ಯವಾದರೆ ಮೂರು ನಾಲ್ಕು ಕಾಕ್ ಹೋಯಿತೆಂದೇ ಲೆಕ್ಕ. ಸಣ್ಣ ಬಳಗಗಳ ಹಣ ಕರಗುವುದು ಇಲ್ಲೇ.

ಮುಂದಿನ ವಾರ ನಮ್ಮ ಬಳಗ ಕೂತು ಮಾತಾಡಿತು. ಮಂಡ್ಯದ ಪಂದ್ಯದ ಲೆಕ್ಕ ಹೀಗಿತ್ತು: ಭವನದ ಬಾಡಿಗೆಯಲ್ಲಿ ನಮ್ಮ ಪಾಲು 900, ಕಾಕಿಗೆ 1,200, ತಿಂಡಿ-ಕಾಫಿಗೆ 600, ವ್ಯಾನಿಗೆ 2,700. ಒಟ್ಟು 5,400 ರೂಪಾಯಿ. ಹದಿನೆಂಟು ಜನಕ್ಕೆ ತಲೆಗೆ 300. ಆರು ಹುಡುಗಿಯರಿಂದ ತಲಾ 50 ಮಾತ್ರ ತೆಗೆದುಕೊಂಡರೆ ನಮಗೆ ಹನ್ನೆರಡು ಜನಕ್ಕೆ ತಲಾ 425 ಬೀಳುತ್ತದೆ. ಅಂದರೆ 125 ಹೆಚ್ಚು.

ಒಬ್ಬಾಕೆ ಮುಖ ಗಂಟು ಹಾಕಿಕೊಂಡರು. “ನಮ್ಮನೆ ಮಕ್ಕಳಿಗೆ ಮಾಡೋದೇ ಸಾಕಾಗಿದೆ, ಊರಿನವರ ಮಕ್ಕಳಿಗೂ ಯಾಕ್ರೀ?” ಇನ್ನೊಬ್ಬರು, “ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ” ಅಂದರು. ಎರಡನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಪೂರ್ತಿ ಬಿಟ್ಟಿ ಬೇಡ, 50 ಇರಲಿ ಎಂದಾಯಿತು. ಮೊದಲ ಮಾತಿಗೆ ಉತ್ತರ ಕೊಟ್ಟವರು ನಮ್ಮಲ್ಲೇ ಹಿರಿಯರು, ಅರವತ್ತು ದಾಟಿದವರು. “ನಿಮ್ಮ ಮಂಡಿ, ನನ್ನ ಮಂಡಿ ಇನ್ನೆಷ್ಟು ವರ್ಷ ಆಡಿಸುತ್ತೆ ಹೇಳಿ? ಈ ಮಕ್ಕಳು ಬಿಟ್ಟರೆ ಆಮೇಲೆ ಭವನಕ್ಕೆ ಬೀಗವೇ ಗತಿ.”

ಆಗ ಇನ್ನೊಬ್ಬರು ಕೇಳಿದರು, “ಅಲ್ಲ ಕಣ್ರೀ, ವ್ಯಾನು ಯಾಕೆ ಬೇಕು?” ಹೌದಲ್ಲ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ವ್ಯಾನು ಬಿಟ್ಟರೆ ಖರ್ಚು 2,700ಕ್ಕೆ ಇಳಿಯಿತು. ಹುಡುಗಿಯರ 300 ಕಳೆದರೆ ನಮಗೆ ತಲಾ 200. ಮೊದಲಿಗಿಂತ ನೂರು ರೂಪಾಯಿ ಕಡಿಮೆಯೇ ಆಯಿತು! ಆದರೂ ಒಂದು ಮಾತು. ಬಸ್ಸಿನ ಅನುಕೂಲ ಇಲ್ಲದಿದ್ದರೂ ನಾವು ಆ 125 ಕೊಡಬೇಕಾಗಿತ್ತು. ಒಂದು ಸಲ ಇಬ್ಬರು ಹೋಟೆಲಿಗೆ ಹೋಗಿ ದೋಸೆ, ಕಾಫಿ ಮುಗಿಸಿ ಬರುವಷ್ಟರ ಖರ್ಚದು.

ನಿಮ್ಮಲ್ಲೂ ಇಂಥ ಬಳಗ ಇದ್ದರೆ, ನಾವು ಮಾಡಿಕೊಂಡ ನಿಯಮಗಳನ್ನು ಕೇಳಿ.

ಮೊದಲನೆಯದು, ರಿಯಾಯಿತಿ ಎಲ್ಲ ಕಿರಿಯರಿಗೂ ಒಂದೇ. ಡಾಕ್ಟರ ಮಗಳಿಗೂ 50, ಆಟೋದವರ ಮಗಳಿಗೂ 50. ಯಾರು ಬಡವರು ಅಂತ ಆರಿಸಲು ಹೊರಟರೆ ಅಲ್ಲೇ ಮಗುವಿನ ಮಾನ ಹೋಯಿತು.

ಎರಡನೆಯದು, ಆ 50 ಕೂಡ ಕಷ್ಟವಾದರೆ ಲೆಕ್ಕ ಇಡುವವಳ ಕಿವಿಗೊಂದು ಮಾತು ಸಾಕು. ಪುಸ್ತಕದಲ್ಲಿ ‘ಸಂದಾಯ’ ಎಂದೇ ಬರೆಯುವುದು. ಅದಕ್ಕಾಗಿ ನಾವು ಬೇರೆ ಡಬ್ಬಿ ಇಟ್ಟಿದ್ದೇವೆ. ಹುಟ್ಟುಹಬ್ಬಕ್ಕೋ ಮಗನಿಗೆ ಕೆಲಸ ಸಿಕ್ಕಿದ್ದಕ್ಕೋ ಮನಸ್ಸಿದ್ದವರು ಹಾಕುತ್ತಾರೆ. ಬಾಕಿ ಪಟ್ಟಿ ಮಾತ್ರ ಇನ್ನು ಮುಂದೆ ಇಲ್ಲ.

ಮೂರನೆಯದು, ಹಣ ಕೊಟ್ಟವರಿಗೆ ವಿಶೇಷ ಹಕ್ಕಿಲ್ಲ. “ನಾವು ಕೊಟ್ಟಿದ್ದೀವಿ, ನಮಗೇ ಮೊದಲ ಕೋರ್ಟು” ಅನ್ನುವಂತಿಲ್ಲ. ಹುಡುಗಿಯರೂ ಸರದಿಯ ಮೇಲೆ ನೆಟ್ ಕಟ್ಟುತ್ತಾರೆ, ಪಾಯಿಂಟ್ ಬರೆಯುತ್ತಾರೆ, ಚಿಕ್ಕವರಿಗೆ ಸರ್ವಿಸ್ ಹೇಳಿಕೊಡುತ್ತಾರೆ.

ನಾಲ್ಕನೆಯದು, ಅಭ್ಯಾಸಕ್ಕೆ ನೈಲಾನ್ ಕಾಕ್, ಪಂದ್ಯಕ್ಕೆ ಮಾತ್ರ ಗರಿಯದು. ಗೃಹಿಣಿಯರಿಗೆ ಒಂದು ಗುಟ್ಟು ಹೇಳುತ್ತೇನೆ. ಗರಿ ಒಣಗಿದಷ್ಟೂ ಬೇಗ ಮುರಿಯುತ್ತದೆ. ಪಂದ್ಯದ ಹಿಂದಿನ ರಾತ್ರಿ ಕಾಕ್ ಡಬ್ಬಿಯ ಗರಿಯ ಕಡೆಯ ಮುಚ್ಚಳ ತೆಗೆದು, ಇಡ್ಲಿ ಪಾತ್ರೆಯ ಹಬೆಗೆ ಐದಾರು ಸೆಕೆಂಡು ಮಾತ್ರ ಹಿಡಿದು, ಮುಚ್ಚಿಡಿ. ತಳದ ಬೆಂಡಿಗೆ ನೀರು ತಾಕಬಾರದು. ಇದರಿಂದ ಗರಿ ಮೆತ್ತಗಾಗಿ ಹೆಚ್ಚು ಹೊತ್ತು ತಾಳುತ್ತದೆ.

ಐದನೆಯದು, ಪರವೂರಿಗೆ ಹೋಗುವಾಗ ಪ್ರತಿ ಹುಡುಗಿಯ ಮನೆಗೆ ಹೋಗಿ ತಾಯಿಗೆ ಹೇಳಿ, ಎಷ್ಟು ಹೊತ್ತಿಗೆ ಮರಳುತ್ತೇವೆಂದು ತಿಳಿಸಿ ಬರುವುದು. ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದಂತೆ ಆಟ ಬಿಡಿಸುವ ಮನೆಗಳು ಈಗಲೂ ಇವೆ. ಅದಕ್ಕೆ ದುಡ್ಡಿನ ನೆಪವೂ ಸೇರಿದರೆ ಮುಗಿಯಿತು. ಒಮ್ಮೆ ಬಿಟ್ಟವಳು ಮತ್ತೆ ಬ್ಯಾಟು ಹಿಡಿಯುವುದು ಅಪರೂಪ.

ನಮ್ಮ ನಾಡಿನ ಪ್ರಕಾಶ್ ಪಡುಕೋಣೆಯವರನ್ನೇ ನೋಡಿ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಅವರು ಆಟ ಕಲಿತದ್ದು. ಮದುವೆ ಇದ್ದ ದಿನ ಆಟವಿಲ್ಲ! ಕೈಹಿಡಿದು ಕಲಿಸಿದವರು ತಂದೆ ರಮೇಶ್ ಪಡುಕೋಣೆ. ಇನ್ನೂ ಹದಿಹರೆಯದಲ್ಲೇ ಹುಡುಗ ಜೂನಿಯರ್, ಸೀನಿಯರ್ ಎರಡೂ ರಾಷ್ಟ್ರೀಯ ಪ್ರಶಸ್ತಿ ಗೆದ್ದ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನೂ ತಂದ. ನಮ್ಮ ಮಕ್ಕಳೆಲ್ಲ ಪ್ರಕಾಶ್ ಆಗಬೇಕಿಲ್ಲ, ಸಿಂಧು ಆಗಬೇಕಿಲ್ಲ. ಆದರೆ ಹಿರಿಯರು ಬಾಗಿಲು ತೆರೆದಿಟ್ಟರೆ ತಾನೇ ಕಿರಿಯರು ಒಳಗೆ ಬರುವುದು?

ಇನ್ನು ಆ ಹುಡುಗಿಯ ವಿಷಯ. ನಾನೇ ಮನೆಗೆ ಹೋಗಿ, “ತಪ್ಪು ನಂದು ಪುಟ್ಟಾ” ಅಂದೆ. ಅವಳು ತಲೆ ಎತ್ತಲಿಲ್ಲ. ತಾಯಿ, “ಧರ್ಮಕ್ಕೆ ಬೇಡ ಅಕ್ಕಾ” ಅಂದರು. “ಧರ್ಮ ಅಲ್ಲಮ್ಮಾ, ಆರು ಜನಕ್ಕೂ ಒಂದೇ ಲೆಕ್ಕ” ಅಂತ ಪುಸ್ತಕ ತೋರಿಸಿದೆ. ಆಕೆ ಓದಿ ನೋಡಿಯೇ ಒಪ್ಪಿದರು. ಮುಂದಿನ ವಾರ ಉಳಿಕೆ ಬಟ್ಟೆಯಲ್ಲಿ ಬಳಗದ ಬ್ಯಾಟುಗಳಿಗೆಲ್ಲ ಚೀಲ ಹೊಲಿದು ಕಳಿಸಿದರು. ಹುಡುಗಿ ಮಂಡ್ಯಕ್ಕೆ ಬಂದಳು. ಎರಡು ತಿಂಗಳು ಬ್ಯಾಟು ಮುಟ್ಟಿರಲಿಲ್ಲವಲ್ಲ, 21-12, 21-15ರಲ್ಲಿ ಸೋತಳು. ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕ ಕೂರಲಿಲ್ಲ, ಗೆಳತಿಯರ ಜೊತೆ ಹಿಂದೆ ಕೂತು ನಗುತ್ತಿದ್ದಳು. ನನ್ನ ಮೇಲೆ ಇನ್ನೂ ಸ್ವಲ್ಪ ಮುನಿಸಿರಬಹುದು. ಇರಲಿ, ಆಟಕ್ಕೆ ಬಂದಳಲ್ಲ.

ಈಗ ಪಾನಕ. ಹದಿನೆಂಟು ಜನಕ್ಕೆ 4 ಲೀಟರ್ ಕುಡಿಯುವ ನೀರಿಗೆ ಅರ್ಧ ಕಿಲೋ ಬೆಲ್ಲ ಪುಡಿ ಮಾಡಿ ಕರಗಿಸಿ, ಸೋಸಿ. ಎಂಟು ನಿಂಬೆಹಣ್ಣಿನ ರಸ, ಜಜ್ಜಿದ ಒಂದಿಂಚು ಹಸಿಶುಂಠಿ, ಹತ್ತು ಏಲಕ್ಕಿಯ ಪುಡಿ, ಎರಡು ಚಿಟಿಕೆ ಕಾಳುಮೆಣಸಿನ ಪುಡಿ, ಒಂದು ಚಿಕ್ಕ ಚಮಚ ಉಪ್ಪು ಹಾಕಿ ಕಲಸಿ. ಉಪ್ಪು ಮರೆಯಬೇಡಿ, ಬೆವರಿದ ಮೈಗೆ ಅದು ಬೇಕು. ಬಾಟಲಿಯ ಬಣ್ಣದ ಪಾನೀಯಕ್ಕೆ ಕೊಡುವ ಹಣ ಉಳಿದರೆ ಒಬ್ಬ ಹುಡುಗಿಯ ಪಾಲು ಬಂದ ಹಾಗೇ.

ನಿಮ್ಮೂರಿನ ಆಟದ ಬಳಗದಲ್ಲಿ ಕಿರಿಯರ ಲೆಕ್ಕ ಹೇಗೆ? ಬರೆದು ತಿಳಿಸಿ. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲೇ ಇದ್ದರೆ, ಮುಂದಿನ ಬಾಕಿ ಪಟ್ಟಿ ಬರೆಯುವ ಮುಂಚೆ ನನ್ನನ್ನೊಮ್ಮೆ ನೆನೆಸಿಕೊಳ್ಳಿ.